ಓದುಗರ ಪ್ರಶ್ನೆ, ನಮ್ಮ ಉತ್ತರ: ಬರೆದ ದಿನದಲ್ಲಿ ನಿಂತು ಓದಬೇಕಾದ ಕಾಗದಗಳು

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಮುಂದಾಳುಗಳು ಯುದ್ಧದ ನಡುವೆ ಬರೆದುಕೊಂಡ ಕಾಗದಗಳ ಕುರಿತು ಕಳೆದ ಸಂಚಿಕೆಯಲ್ಲಿ ಉತ್ತರಿಸುವಾಗ, 1776ರ ಡಿಸೆಂಬರ್ 18ರಂದು ಸೇನಾಪತಿ ಜಾರ್ಜ್ ವಾಷಿಂಗ್ಟನ್ ತಮ್ಮ ಕಿರಿಯ ಸಹೋದರನಿಗೆ ‘ಆಟ ಬಹುಮಟ್ಟಿಗೆ ಮುಗಿದಂತೆಯೇ’ ಎಂದು ಬರೆದಿದ್ದರೆಂದು ತಿಳಿಸಿದ್ದೆ. ಆ ಒಂದು ಸಾಲು ಮಂಜೇಶ್ವರದಿಂದ ಬೇಕಲದವರೆಗಿನ ಓದುಗರನ್ನು ಇಷ್ಟೊಂದು ಕಾಡೀತೆಂದು ಎಣಿಸಿರಲಿಲ್ಲ. ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯವನ್ನು ಸುತ್ತುತ್ತಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮುಂದೆ ರಾಷ್ಟ್ರಪಿತನೆನಿಸಿಕೊಂಡವರೇ ಹೀಗೆ ಕೈಚೆಲ್ಲಿ ಬರೆದಿದ್ದರೆ, ಅವರ ಧೈರ್ಯದ ಕಥೆಗಳನ್ನು ಮಕ್ಕಳಿಗೆ ಯಾವ ಮುಖದಿಂದ ಹೇಳುವುದು? ನಾನು ಕನ್ನಡ ಮಾಧ್ಯಮ ಶಾಲೆಯ ನಿವೃತ್ತ ಅಧ್ಯಾಪಕ. — ಒಬ್ಬ ಓದುಗರು, ಮಂಜೇಶ್ವರ

ಉತ್ತರ: ಮೊದಲು ನನ್ನ ತಪ್ಪನ್ನು ತಿದ್ದಿಕೊಳ್ಳುತ್ತೇನೆ. ನಾನು ಉದ್ಧರಿಸಿದ್ದು ವಾಕ್ಯದ ಉತ್ತರಾರ್ಧ ಮಾತ್ರ. ಹೊಸ ಸೈನ್ಯವನ್ನು ಆದಷ್ಟು ಬೇಗ ಕೂಡಿಸಲು ಮೈಯ ನರನರವನ್ನೂ ಬಿಗಿದು ದುಡಿಯದೆ ಹೋದರೆ ಆಟ ಮುಗಿದಂತೆಯೇ ಎಂಬುದು ಆ ವಾಕ್ಯದ ಪೂರ್ಣ ಭಾವ. ‘ಹೋದರೆ’ ಎಂಬ ಒಂದು ಪದ ಬಿಟ್ಟುಹೋದಾಗ ಎಚ್ಚರಿಕೆಯಾಗಿದ್ದ ಮಾತು ಶರಣಾಗತಿಯಾಗಿ ಕಾಣಿಸಿತು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕಡೆ ‘ಆಟ ಮುಗಿಯಿತು’ ಎಂದರೆ ಭಾಗವತರು ಮಂಗಳ ಹಾಡಿ ವೇಷಧಾರಿಗಳು ಬಣ್ಣ ತೆಗೆಯುವ ಹೊತ್ತು. ವಾಷಿಂಗ್ಟನ್ ಹೇಳಿದ್ದು ಆ ನೆಮ್ಮದಿಯ ಮುಕ್ತಾಯವನ್ನಲ್ಲ, ಸೋಲಿನ ಅಂಚಿಗೆ ಬಂದು ನಿಂತ ಪಂದ್ಯವನ್ನು.

ಆ ದಿನ ಅವರೆದುರು ಇದ್ದುದೇನು ಎಂದು ನೋಡಿ. ನ್ಯೂಯಾರ್ಕ್ ಕೈಬಿಟ್ಟಿತ್ತು. ನವೆಂಬರ್ 16ರಂದು ಅವರದೇ ಹೆಸರಿನ ಕೋಟೆ ಬಿದ್ದು ಸುಮಾರು 2,800 ಮಂದಿ ಸೆರೆಯಾಗಿದ್ದರು. ಉಳಿದ ಸೈನ್ಯ ನ್ಯೂಜೆರ್ಸಿಯನ್ನು ಅಡ್ಡಹಾಯ್ದು ಡೆಲವೇರ್ ನದಿಯ ಪಶ್ಚಿಮ ದಡಕ್ಕೆ ಹಿಮ್ಮೆಟ್ಟಿತ್ತು. ಇದ್ದ ಸೈನಿಕರಲ್ಲಿಯೂ ಬಹುಪಾಲು ಜನರ ಸೇವೆಯ ಕರಾರು ಡಿಸೆಂಬರ್ 31ಕ್ಕೆ ತೀರುವುದಿತ್ತು. ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಡಿಸೆಂಬರ್ 12ರಂದೇ ಫಿಲಡೆಲ್ಫಿಯವನ್ನು ಬಿಟ್ಟು ಬಾಲ್ಟಿಮೋರಿಗೆ ಹೊರಟಿತ್ತು. ಸಹೋದರನಿಗೆ ಬರೆದ ಎರಡು ದಿನಗಳ ಬಳಿಕ, 20ರಂದು, ವಾಷಿಂಗ್ಟನ್ ಕಾಂಗ್ರೆಸ್ಸಿನ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್ ಅವರಿಗೂ ಬರೆದರು. ಇನ್ನು ಹತ್ತು ದಿನ ಕಳೆದರೆ ನಮ್ಮ ಸೈನ್ಯವೇ ಇರುವುದಿಲ್ಲ ಎಂಬ ಮಾತು ಅಲ್ಲಿಯೂ ಇದೆ. ಆದರೆ ಅಲ್ಲಿ ಅದು ಅಳಲಾಗಿ ಉಳಿಯದೆ ಲೆಕ್ಕವಾಗಿ, ಬೇಡಿಕೆಯಾಗಿ ಬಂದಿದೆ. ಹೆಚ್ಚಿನ ದಳಗಳು ಬೇಕು, ಫಿರಂಗಿಪಡೆ ಬೇಕು, ಪ್ರತಿಯೊಂದಕ್ಕೂ ಸಭೆಯ ಅಪ್ಪಣೆಗೆ ಕಾಯದೆ ನಡೆದುಕೊಳ್ಳುವ ಅಧಿಕಾರ ಬೇಕು ಎಂದು ಕೇಳುತ್ತಾರೆ. 27ರಂದು ಕಾಂಗ್ರೆಸ್ ಆರು ತಿಂಗಳ ಅವಧಿಗೆ ಆ ಅಧಿಕಾರವನ್ನು ಕೊಟ್ಟಿತು. ಅಷ್ಟರಲ್ಲಿ, 25ರ ರಾತ್ರಿ, ಮಂಜುಗಡ್ಡೆ ತೇಲುತ್ತಿದ್ದ ಡೆಲವೇರನ್ನು ದಾಟಿದ ಸೈನ್ಯ ಮರುದಿನ ಬೆಳಗ್ಗೆ ಟ್ರೆಂಟನ್‌ನಲ್ಲಿ, ಬ್ರಿಟಿಷರು ಬಾಡಿಗೆಗೆ ತಂದಿದ್ದ ಜರ್ಮನ್ ಪಡೆಯಾದ ಹೆಸ್ಸಿಯನ್ನರಲ್ಲಿ ಸುಮಾರು 900 ಸೈನಿಕರನ್ನು ಸೆರೆಹಿಡಿದಿತ್ತು. ನಿರ್ಣಯಕ್ಕೆ ಕೈಯೆತ್ತಿದವರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಟ್ರೆಂಟನ್ ನಮಗೆ ಗೊತ್ತು; 18ರಂದು ಲೇಖನಿ ಹಿಡಿದವರಿಗೆ ಗೊತ್ತಿರಲಿಲ್ಲ. ಶಾಸನಗಳ ತಿಥಿವಾರಗಳನ್ನು ಲೆಕ್ಕಹಾಕಿ ಕಾಲನಿರ್ಣಯಕ್ಕಾಗಿ ಆಯುಷ್ಯ ಸವೆಸಿದ ಗೋವಿಂದ ಪೈಗಳ ಊರಿನವರಾದ ತಮಗೆ ದಿನಾಂಕದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಕಾಗದವನ್ನು ಬರೆದ ದಿನದಲ್ಲಿ ನಿಂತು ಓದಿದರೆ, ಸೈನ್ಯ ಕರಗುತ್ತಿದೆಯೆಂದು ಬಲ್ಲ ಮನುಷ್ಯನೊಬ್ಬ ಏಳನೆಯ ರಾತ್ರಿ ದೋಣಿ ಹತ್ತಿದ ಎಂಬುದು ಕಾಣುತ್ತದೆ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಧೈರ್ಯದ ಕಥೆ ನನಗೆ ತಿಳಿದಿಲ್ಲ.

ಪ್ರಶ್ನೆ: ಆಗ ಒಂದು ಕಾಗದ ತಲುಪಲು ಎಷ್ಟು ದಿನ ಬೇಕಾಗುತ್ತಿತ್ತು? ಅಂಚೆ ಬ್ರಿಟಿಷರ ಕೈಯಲ್ಲಿರಲಿಲ್ಲವೇ? — ಒಬ್ಬ ವಿದ್ಯಾರ್ಥಿ, ಕುಂಬಳೆ

ಉತ್ತರ: ಇತ್ತು, ಆದುದರಿಂದಲೇ ಕಾಂಗ್ರೆಸ್ 1775ರ ಜುಲೈ 26ರಂದು ತನ್ನದೇ ಅಂಚೆ ವ್ಯವಸ್ಥೆಯನ್ನು ಸ್ಥಾಪಿಸಿ ಬೆಂಜಮಿನ್ ಫ್ರಾಂಕ್ಲಿನ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಅದಕ್ಕೂ ಮೊದಲು ಅವರು ಬ್ರಿಟಿಷ್ ಅಂಚೆಯಲ್ಲಿಯೇ ದೊಡ್ಡ ಹುದ್ದೆಯಲ್ಲಿದ್ದು, 1774ರಲ್ಲಿ ವಜಾಗೊಂಡವರು. ಇನ್ನೂ ಹಿಂದೆ, 1772ರಲ್ಲಿ, ಬಾಸ್ಟನ್‌ನಲ್ಲಿ ಸ್ಯಾಮ್ಯುಯೆಲ್ ಆಡಮ್ಸ್ ಮುಂತಾದವರು ಊರೂರುಗಳ ನಡುವೆ ಕಾಗದ ನಡೆಸುವುದಕ್ಕೆಂದೇ ಪತ್ರವ್ಯವಹಾರ ಸಮಿತಿಯನ್ನು ಕಟ್ಟಿದ್ದರು. ಕೋವಿಗಿಂತ ಮೊದಲು ಕಾಗದ ಹೊರಟಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

ನೆಲದ ಮೇಲೆ ಕುದುರೆ ಸವಾರರು ಒಯ್ದ ಕಾಗದ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ಮೂರು ವಾರಗಳಲ್ಲಿ ತಲುಪುತ್ತಿತ್ತು. ಕಡಲು ದಾಟಬೇಕಾದರೆ ಲೆಕ್ಕವೇ ಬೇರೆ. ಸಾರಟೋಗದಲ್ಲಿ ಬ್ರಿಟಿಷ್ ಸೇನಾನಿ ಬರ್ಗಾಯ್ನ್ ಶರಣಾದದ್ದು 1777ರ ಅಕ್ಟೋಬರ್ 17ರಂದು. ಪ್ಯಾರಿಸಿನಲ್ಲಿದ್ದ ಫ್ರಾಂಕ್ಲಿನ್ ಅವರಿಗೆ ಆ ಸುದ್ದಿ ಮುಟ್ಟಿದ್ದು ಡಿಸೆಂಬರ್ 4ರಂದು, 48 ದಿನಗಳ ಮೇಲೆ. ಅದರ ಫಲವಾಗಿ ಫ್ರಾನ್ಸಿನೊಡನೆ 1778ರ ಫೆಬ್ರವರಿ 6ರಂದು ಒಪ್ಪಂದವಾಯಿತು. ಅದರ ಪ್ರತಿ ಕಾಂಗ್ರೆಸ್ಸಿನ ಕೈಸೇರುವಾಗ ಮೇ 2 ಆಗಿತ್ತು. ಆ 85 ದಿನ ಅಮೆರಿಕದವರು, ತಮಗೆ ಒಬ್ಬ ಮಿತ್ರ ದೊರೆತಿದ್ದಾನೆಂಬುದನ್ನು ಅರಿಯದೆಯೇ ಹೋರಾಡುತ್ತಿದ್ದರು. ದಾರಿಯಲ್ಲಿ ಹಡಗು ವೈರಿಗಳ ಪಾಲಾಗುವ ಭಯವಿದ್ದುದರಿಂದ ಒಂದೇ ಕಾಗದದ ಎರಡು ಮೂರು ಪ್ರತಿಗಳನ್ನು ಬೇರೆಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. 1780ರಲ್ಲಿ, ಡಚ್ಚರ ಬಳಿಗೆ ಅಮೆರಿಕದ ದೂತರಾಗಿ ಹೊರಟಿದ್ದ ಹೆನ್ರಿ ಲಾರೆನ್ಸ್ ಸಮುದ್ರಮಧ್ಯದಲ್ಲಿ ಸಿಕ್ಕಿಬಿದ್ದಾಗ ಅವರ ಕಾಗದಗಳ ಕಟ್ಟನ್ನು ನೀರಿಗೆ ಎಸೆಯಲಾಯಿತು. ಅದು ಮುಳುಗುವ ಮೊದಲೇ ಬ್ರಿಟಿಷ್ ನಾವಿಕರು ಎತ್ತಿಕೊಂಡರು. ಅದರೊಳಗೆ ಡಚ್ಚರೊಡನೆ ಮಾಡಿಕೊಳ್ಳಬೇಕೆಂದಿದ್ದ ಒಪ್ಪಂದದ ಕರಡಿತ್ತು. ಲಾರೆನ್ಸ್ ಲಂಡನ್ನಿನ ಟವರ್ ಸೆರೆಮನೆಗೆ ಹೋದರು, ಬ್ರಿಟನ್ ಆ ವರ್ಷವೇ ಡಚ್ಚರ ಮೇಲೆ ಯುದ್ಧ ಸಾರಿತು.

ಪ್ರಶ್ನೆ: ಇನ್ನೊಬ್ಬರ ಖಾಸಗಿ ಕಾಗದವನ್ನು ಒಡೆದು ಓದುವುದು ನಮ್ಮ ಮನೆಗಳಲ್ಲಿ ದೊಡ್ಡ ತಪ್ಪು. ಈ ನಾಯಕರು ಪರಸ್ಪರರ ಕಾಗದಗಳನ್ನು ಓದಿದ್ದುಂಟೇ? ಅದರಿಂದ ಸ್ನೇಹ ಕೆಡಲಿಲ್ಲವೇ? — ಒಬ್ಬ ಓದುಗರು, ಬದಿಯಡ್ಕ

ಉತ್ತರ: ಉಂಟು. ಈ ಪತ್ರರಾಶಿಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಪ್ರಸಂಗವೂ ಅದೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಜೋಸೆಫ್ ರೀಡ್ ಎಂಬವರು ವಾಷಿಂಗ್ಟನ್ ಅವರ ಸೇನಾ ಕಾರ್ಯಾಲಯದ ಮುಖ್ಯಾಧಿಕಾರಿ, ಆಪ್ತರು. ಕೋಟೆ ಬಿದ್ದ ಐದನೆಯ ದಿನ, 1776ರ ನವೆಂಬರ್ 21ರಂದು, ಅವರು ಇನ್ನೊಬ್ಬ ಸೇನಾನಿ ಚಾರ್ಲ್ಸ್ ಲೀ ಅವರಿಗೆ ಗುಟ್ಟಾಗಿ ಬರೆದರು. ಸೇನಾಪತಿಯ ಮನಸ್ಸು ನಿಶ್ಚಯಕ್ಕೆ ಬಾರದೆ ತೊಳಲುತ್ತಿರುವುದೇ ಈ ಅನರ್ಥಕ್ಕೆಲ್ಲ ಕಾರಣ ಎಂಬುದು ಅದರ ತಿರುಳು. ಲೀ ಅವರು ಅದನ್ನು ಒಪ್ಪಿ, ಅನಿಶ್ಚಯದ ಮನಸ್ಸು ಯುದ್ಧದಲ್ಲಿ ಹೇಡಿತನಕ್ಕಿಂತಲೂ ಕೇಡು ಎಂಬ ಧಾಟಿಯಲ್ಲಿ ಉತ್ತರಿಸಿದರು. ಉತ್ತರ ಬಂದಾಗ ರೀಡ್ ಬೇರೆ ಕೆಲಸದ ಮೇಲೆ ದೂರ ಹೋಗಿದ್ದರು. ಸೇನೆಯ ವ್ಯವಹಾರದ ಕಾಗದವಿರಬೇಕೆಂದು, ನವೆಂಬರ್ 30ರಂದು ವಾಷಿಂಗ್ಟನ್ ಅದನ್ನು ಒಡೆದರು. ಸೈನ್ಯ ಹಿಮ್ಮೆಟ್ಟುತ್ತಿದೆ, ಚಳಿ ಏರುತ್ತಿದೆ, ಲೀ ತನ್ನ ತುಕಡಿಯೊಡನೆ ಬಂದು ಸೇರಲಿ ಎಂದು ಕಾಗದದ ಮೇಲೆ ಕಾಗದ ಬರೆದು ಕಾಯುತ್ತಿದ್ದಾರೆ. ಆ ಹೊತ್ತಿನಲ್ಲಿ ತನ್ನ ಆಪ್ತನೇ ತನ್ನ ಬೆನ್ನ ಹಿಂದೆ ಆಡಿದ ಮಾತಿನ ಪ್ರತಿಧ್ವನಿ ಕೈಯಲ್ಲಿದೆ.

ವಾಷಿಂಗ್ಟನ್ ಅದನ್ನು ಹಾಗೆಯೇ ರೀಡ್ ಅವರಿಗೆ ಕಳುಹಿಸಿಕೊಟ್ಟರು. ಜೊತೆಗೊಂದು ಚಿಕ್ಕ ಕಾಗದ. ಇದು ಖಾಸಗಿ ಎಂದು ತಿಳಿಯದೆ, ಕಾರ್ಯಾಲಯದ ಕಾಗದವೆಂದೇ ಭಾವಿಸಿ ಒಡೆದೆ; ನನ್ನ ಇಚ್ಛೆಯಾಗಲಿ ಉದ್ದೇಶವಾಗಲಿ ಇದನ್ನು ಓದಿಸಿದ್ದಲ್ಲ, ಈ ಸತ್ಯವೇ ನನ್ನ ಕ್ಷಮೆಯಾಚನೆ ಎಂದು ಬರೆದು, ರೀಡ್ ಪಟ್ಟ ಶ್ರಮಕ್ಕೆ ವಂದನೆ ಹೇಳಿದರು. ಒಳಗಿದ್ದ ವಿಷಯದ ಬಗ್ಗೆ ಒಂದಕ್ಷರವಿಲ್ಲ. ತಪ್ಪಿತಸ್ಥನ ಮುಂದೆ ತಾನೇ ಕ್ಷಮೆ ಕೇಳಿದ ಆ ನಾಲ್ಕು ಸಾಲುಗಳ ಸೌಜನ್ಯ ಕೋಪಕ್ಕಿಂತ ಎಷ್ಟು ಭಾರವಾಗಿ ರೀಡ್ ಅವರ ಮೇಲೆ ಬಿದ್ದಿರಬೇಕೆಂಬುದನ್ನು, ಮನೆಯ ಹಿರಿಯರು ಬೈಯದೆ ಸುಮ್ಮನಿದ್ದ ಒಂದು ದಿನವನ್ನು ನೆನೆದವರು ಊಹಿಸಬಲ್ಲರು.

ಮುಂದೆ ರೀಡ್ ಕಾಗದ ಬರೆದು ಮನಸ್ಸು ತಿಳಿಯಾಗಿಸಲು ಯತ್ನಿಸಿದರು. 1777ರ ಜೂನ್ ತಿಂಗಳಲ್ಲಿ ವಾಷಿಂಗ್ಟನ್ ಕೊಟ್ಟ ಉತ್ತರ ನೇರವಾಗಿದೆ. ನೋವಾದದ್ದು ನಿಜ, ನನ್ನ ತೀರ್ಮಾನಶಕ್ತಿಯನ್ನು ಹಳಿದಿರಿ ಎಂದು ಅಲ್ಲ, ಆ ಮಾತನ್ನು ನನಗೇ ನೇರವಾಗಿ ಹೇಳಲಿಲ್ಲವಲ್ಲ ಎಂದು. ಸ್ನೇಹ ಮೊದಲಿನಂತೆ ಆಗಲಿಲ್ಲ, ಆದರೆ ಕಡಿದೂ ಹೋಗಲಿಲ್ಲ. ಲೀ ಅವರ ಕಥೆ ಬೇರೆ. ಡಿಸೆಂಬರ್ 13ರ ಬೆಳಗ್ಗೆ ಅವರು ಹೊರೇಶಿಯೊ ಗೇಟ್ಸ್ ಎಂಬ ಸೇನಾನಿಗೆ ವಾಷಿಂಗ್ಟನ್ ಅವರನ್ನೇ ಹಳಿಯುವ ಇನ್ನೊಂದು ಕಾಗದವನ್ನು ಬರೆದು ಮುಗಿಸುವಷ್ಟರಲ್ಲಿ ಬ್ರಿಟಿಷ್ ಸವಾರರು ಮನೆಯನ್ನು ಸುತ್ತುವರಿದು ಅವರನ್ನು ಸೆರೆಹಿಡಿದರು.

ರೀಡ್ ಹೇಳಿದ್ದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಆ ಕೋಟೆಯನ್ನು ತೆರವು ಮಾಡಬೇಕೇ ಬೇಡವೇ ಎಂಬಲ್ಲಿ ವಾಷಿಂಗ್ಟನ್ ನಿಜವಾಗಿಯೂ ಹಿಂದುಮುಂದು ನೋಡಿದ್ದರು.

ಪ್ರಶ್ನೆ: ಈ ಕಾಗದಗಳಲ್ಲಿ ಹೆಂಗಸರ ದನಿ ಎಲ್ಲಿದೆ? — ಒಬ್ಬ ಓದುಗಿ, ಮುಳ್ಳೇರಿಯ

ಉತ್ತರ: ಗಟ್ಟಿಯಾಗಿ ಕೇಳುವುದು ಅಬಿಗೇಲ್ ಆಡಮ್ಸ್ ಅವರ ದನಿ. ಪತಿ ಜಾನ್ ಆಡಮ್ಸ್ ಫಿಲಡೆಲ್ಫಿಯದ ಕಾಂಗ್ರೆಸ್ಸಿನಲ್ಲಿ. ಇವರು ಮ್ಯಾಸಚೂಸೆಟ್ಸಿನ ಬ್ರೇನ್‌ಟ್ರೀ ಎಂಬ ಊರಿನಲ್ಲಿ ಬೇಸಾಯ, ನಾಲ್ಕು ಮಕ್ಕಳು, ಸಿಡುಬು, ಬೆಲೆಯೇರಿಕೆ ಎಲ್ಲವನ್ನೂ ಒಬ್ಬರೇ ನಿಭಾಯಿಸುತ್ತಿದ್ದರು. ಗಂಡಹೆಂಡಿರ ನಡುವಿನ 1,100ಕ್ಕೂ ಹೆಚ್ಚು ಕಾಗದಗಳು ಉಳಿದಿವೆ. 1776ರ ಮಾರ್ಚ್ 31ರಂದು ಅವರು, ನೀವು ಮಾಡಲಿರುವ ಹೊಸ ಕಾನೂನುಗಳಲ್ಲಿ ಹೆಂಗಸರನ್ನು ನೆನಪಿನಲ್ಲಿಡಿ, ಗಂಡಂದಿರ ಕೈಗೆ ಎಲ್ಲೆಯಿಲ್ಲದ ಅಧಿಕಾರ ಕೊಡಬೇಡಿ ಎಂದು ಬರೆದರು. ಜಾನ್ ಏಪ್ರಿಲ್ 14ರಂದು, ನಗದೆ ಇರಲಾರೆ ಎಂದು ಉತ್ತರಿಸಿದರು. ಬಹಳ ಮಂದಿ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ದಯವಿಟ್ಟು ಇನ್ನೂ ಎರಡು ಕಾಗದಗಳನ್ನು ಓದಿ. ಏಪ್ರಿಲ್ 27ರಂದು ಅಬಿಗೇಲ್ ತಮ್ಮ ಗೆಳತಿ, ಲೇಖಕಿ ಮರ್ಸಿ ಓಟಿಸ್ ವಾರೆನ್ ಅವರಿಗೆ ಗಂಡನ ಆ ಉತ್ತರದ ಬಗ್ಗೆ ದೂರಿಕೊಂಡಿದ್ದಾರೆ. ಮೇ 26ರಂದು ಅದೇ ಜಾನ್, ಜೇಮ್ಸ್ ಸಲಿವನ್ ಎಂಬ ನ್ಯಾಯವಾದಿಗೆ ಬರೆಯುತ್ತಾ, ಸರಕಾರ ಜನರ ಒಪ್ಪಿಗೆಯ ಮೇಲೆ ನಿಂತಿರುವುದಾದರೆ ಹೆಂಗಸರನ್ನು ಯಾವ ನ್ಯಾಯದಿಂದ ಹೊರಗಿಡುವುದು ಎಂಬ ಪ್ರಶ್ನೆಯನ್ನು ತಾವೇ ಎತ್ತಿಕೊಂಡು ಒದ್ದಾಡಿದ್ದಾರೆ. ಹೊರಗಿಡುವುದೇ ಸರಿ ಎಂದು ಕೊನೆಗೆ ಹೇಳಿದರೂ, ಹೆಂಡತಿಯ ಮುಂದೆ ನಕ್ಕು ತಳ್ಳಿದ ಮಾತು ಆರು ವಾರಗಳಲ್ಲಿ ಅವರನ್ನು ಬಿಡದೆ ಹಿಂಬಾಲಿಸಿತ್ತು.

1777ರ ಜುಲೈಯಲ್ಲಿ ಅಬಿಗೇಲ್ ತುಂಬು ಗರ್ಭಿಣಿ. ಬೇನೆ ಬಂದು ಹೋಗುತ್ತಿರುವ ಹೊತ್ತಿನಲ್ಲಿಯೇ ಬರೆಯುತ್ತಾ, ತಪ್ಪಿಸಿಕೊಳ್ಳಲಾಗದ್ದನ್ನು ತಾಳಿಕೊಳ್ಳಲು ಈಗ ಲೇಖನಿ ಕೆಳಗಿಡುತ್ತೇನೆ ಎಂದು ನಿಲ್ಲಿಸಿ, ಮತ್ತೆ ಮುಂದುವರಿಸಿದ ಕಾಗದವಿದೆ. ಹೆಣ್ಣು ಮಗು ಸತ್ತೇ ಹುಟ್ಟಿತು. ದುಃಖದಿಂದ ತುಂಬಿದ ಜಾನ್ ಅವರ ಉತ್ತರದ ಮೇಲಿರುವ ದಿನಾಂಕ ಜುಲೈ 28.

ಮಾರ್ಥಾ ವಾಷಿಂಗ್ಟನ್ ಅವರ ವಿಷಯದಲ್ಲಿ ನಮಗುಳಿದದ್ದು ಮೌನ. ಪತಿ ತೀರಿಕೊಂಡ ಮೇಲೆ ತಮ್ಮಿಬ್ಬರ ನಡುವಿನ ಕಾಗದಗಳನ್ನೆಲ್ಲ ಅವರು ಸುಟ್ಟರು. ಬೆರಳೆಣಿಕೆಯಷ್ಟು ಉಳಿದವುಗಳಲ್ಲಿ, ಸೇನಾಪತಿಯಾಗಿ ನೇಮಕಗೊಂಡ ಸುದ್ದಿಯನ್ನು ತಿಳಿಸುವ 1775ರ ಜೂನ್ 18ರ ಕಾಗದವೊಂದು; ಅದರೊಳಗೆ ತಮ್ಮ ಮರಣಪತ್ರ ಸಿದ್ಧವಾಗಿರುವುದನ್ನೂ ವಾಷಿಂಗ್ಟನ್ ತಿಳಿಸಿದ್ದಾರೆ. ಅವರು ಸುಟ್ಟದ್ದಕ್ಕೆ ಇತಿಹಾಸಕಾರರು ಮರುಗುತ್ತಾರೆ. ಜೀವನವಿಡೀ ಊರಿಗೆಲ್ಲ ಸೇರಿದವರಾಗಿದ್ದ ಗಂಡನ ಒಂದಿಷ್ಟು ಭಾಗವನ್ನು ಆಕೆ ತನಗಾಗಿ ಇಟ್ಟುಕೊಂಡರು ಎಂದೇ ನಾನು ತಿಳಿಯುತ್ತೇನೆ.

ಪ್ರಶ್ನೆ: ಗುಪ್ತಲಿಪಿಗಳು ಇದ್ದವೇ? — ಒಬ್ಬ ಓದುಗರು, ಉಪ್ಪಳ

ಉತ್ತರ: ಇದ್ದವು. ನ್ಯೂಯಾರ್ಕಿನಲ್ಲಿದ್ದ ಗೂಢಚಾರರಿಗಾಗಿ ಬೆಂಜಮಿನ್ ಟಾಲ್‌ಮ್ಯಾಜ್ 1779ರಲ್ಲಿ 763 ಅಂಕೆಗಳ ಸಂಕೇತಕೋಶವನ್ನು ರಚಿಸಿದರು. ಅದರಲ್ಲಿ 711 ಎಂದರೆ ವಾಷಿಂಗ್ಟನ್. ಮತ್ತೊಂದು ದ್ರಾವಣವನ್ನು ಸವರಿದರೆ ಮಾತ್ರ ಮೂಡುವ ಕಾಣದ ಶಾಯಿಯೂ ಇತ್ತು. ಖಾಲಿ ಹಾಳೆ ಸಂಶಯಕ್ಕೆ ಎಡೆಮಾಡುವುದರಿಂದ, ಮನೆವಾರ್ತೆಯ ಸಾಧಾರಣ ಕಾಗದ ಬರೆದು ಅದರ ಸಾಲುಗಳ ನಡುವೆ ಆ ಶಾಯಿಯಲ್ಲಿ ಬರೆಯಿರಿ ಎಂದು ವಾಷಿಂಗ್ಟನ್ ಅವರೇ ಸಲಹೆ ಕೊಟ್ಟಿದ್ದರು.

ಪ್ರಶ್ನೆ: ಆ ಯುದ್ಧಕ್ಕೂ ನಮ್ಮ ಕರಾವಳಿಗೂ ಏನಾದರೂ ಸಂಬಂಧವುಂಟೇ? — ಒಬ್ಬ ಓದುಗರು, ಬೇಕಲ

ಉತ್ತರ: ತಾವು ದಿನವೂ ನೋಡುವ ಕೋಟೆಗೇ ಸಂಬಂಧವಿದೆ. ಇಕ್ಕೇರಿಯ ನಾಯಕರ ಆ ಕೋಟೆ 1763ರಲ್ಲಿ ಹೈದರಾಲಿಯ ವಶವಾಗಿತ್ತು. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತೊಡನೆ ಭಾರತದಲ್ಲಿಯೂ ಬ್ರಿಟಿಷರು ಫ್ರೆಂಚರ ನೆಲೆಗಳ ಮೇಲೆ ಬಿದ್ದು, 1779ರಲ್ಲಿ ಮಾಹೆಯನ್ನು ಹಿಡಿದರು. ಹೈದರನಿಗೆ ಫ್ರೆಂಚ್ ಆಯುಧಗಳು ಬರುತ್ತಿದ್ದ ಬಂದರು ಅದು. ತನ್ನ ರಕ್ಷಣೆಯಲ್ಲಿದ್ದ ಊರನ್ನು ಕಸಿದರೆಂಬುದು ಆತನ ಸಿಟ್ಟಿಗೆ ಒಂದು ಮುಖ್ಯ ಕಾರಣ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಮೈಸೂರಿನ ಸೈನ್ಯ ಬ್ರಿಟಿಷ್ ಪಡೆಯೊಂದನ್ನು ಪೂರ್ತಿಯಾಗಿ ಮುರಿಯಿತು. ಹೈದರನ ಹೆಸರು ಸಾಗರದಾಚೆಗೂ ಹೋಯಿತು. ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು, ವಾಷಿಂಗ್ಟನ್ ದಾಟಿದ ಅದೇ ಡೆಲವೇರ್ ನದಿ ಕಡಲು ಸೇರುವ ಕೊಲ್ಲಿಯಲ್ಲಿ, ಅದು ಜನರಲ್ ಮಾಂಕ್ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು.

ಇನ್ನು ತಡವಾದ ಕಾಗದದ ಕಥೆ. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಶಾಂತಿಯ ಪ್ರಾಥಮಿಕ ಒಪ್ಪಂದಕ್ಕೆ 1783ರ ಜನವರಿ 20ರಂದು ಸಹಿ ಬಿತ್ತು. ಐದು ತಿಂಗಳು ಕಳೆದು, ಜೂನ್ 20ರಂದು, ಕಡಲೂರಿನ ಎದುರು ಎರಡೂ ನೌಕಾಪಡೆಗಳು ಹೊಡೆದಾಡಿದವು. ಶಾಂತಿಯ ಸುದ್ದಿ ಅಲ್ಲಿಗೆ ಬಂದದ್ದು ಆ ತಿಂಗಳ ಕೊನೆಗೆ. ಮುಗಿದುಹೋಗಿದ್ದ ಯುದ್ಧದಲ್ಲಿ ಆ ನಾವಿಕರು ಸತ್ತರು. ಆಗ ಮಂಗಳೂರಿನಲ್ಲಿ ಟಿಪ್ಪು ಬ್ರಿಟಿಷ್ ಪಡೆಯನ್ನು ಮುತ್ತಿದ್ದ. ಸುದ್ದಿ ಇಲ್ಲಿಗೆ ತಲುಪಿದಾಗ ಅವನೊಡನಿದ್ದ ಫ್ರೆಂಚ್ ತುಕಡಿ ಯುದ್ಧದಿಂದ ಹಿಂದೆ ಸರಿಯಿತು. ಆಗಸ್ಟ್ 2ರಂದು, ಆಟಿಯ ಮಳೆಯ ನಡುವೆ, ಕದನವಿರಾಮವಾಯಿತು. ಕೋಟೆಯೊಳಗಿನವರು ಹಸಿವಿನಿಂದ ಕಂಗೆಟ್ಟು 1784ರ ಜನವರಿ 30ರಂದು ಶರಣಾದರು, ಮಾರ್ಚ್ 11ರಂದು ಮಂಗಳೂರು ಒಪ್ಪಂದ. ಪ್ಯಾರಿಸಿನ ಕಡೆಯಿಂದ ಹೊರಟ ಕಾಗದವೊಂದು ನೇತ್ರಾವತಿಯ ದಡದ ಮುತ್ತಿಗೆಯ ಗತಿಯನ್ನು ಬದಲಿಸಿತು ಎಂಬುದನ್ನು ನಮ್ಮ ಪಠ್ಯಗಳು ಏಕೆ ಒಟ್ಟಿಗೆ ಹೇಳುವುದಿಲ್ಲವೋ, ಹೇಳಬೇಕಾಗಿತ್ತು.

ಪ್ರಶ್ನೆ: ನಮ್ಮ ಅಜ್ಜ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಕಣ್ಣೂರು ಸೆರೆಮನೆಯಿಂದ ಬರೆದ ನಾಲ್ಕು ಕಾಗದಗಳಿವೆ. ‘ಉಭಯಕುಶಲೋಪರಿ’ ಬಿಟ್ಟರೆ ಅಡಕೆ, ಹಟ್ಟಿಯ ದನ, ತಂಗಿಯ ಮದುವೆ ಇಷ್ಟೇ ವಿಷಯ. ಚಳವಳಿಯ ಸುದ್ದಿಯೇ ಇಲ್ಲದ ಇವನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ? — ಒಬ್ಬ ಓದುಗರು, ಪೆರ್ಲ

ಉತ್ತರ: ಖಂಡಿತ ಇಟ್ಟುಕೊಳ್ಳಿ. ಸೆರೆಮನೆಯ ಕಾಗದಕ್ಕೆ ನಿಮ್ಮ ಅಜ್ಜಿಗಿಂತ ಮೊದಲು ಇನ್ನೊಬ್ಬ ಓದುಗನಿದ್ದ, ಅಲ್ಲಿನ ಅಧಿಕಾರಿ. ಅವನ ಕಣ್ಣು ದಾಟಿ ಮನೆ ಸೇರಬೇಕಾದ ಕಾಗದದಲ್ಲಿ ಅಡಕೆ, ದನಗಳಲ್ಲದೆ ಬೇರೇನು ಬರೆಯಲು ಸಾಧ್ಯವಿತ್ತು? 1775ರ ಜುಲೈ 24ರಂದು ಜಾನ್ ಆಡಮ್ಸ್ ಸಹೋದ್ಯೋಗಿಯೊಬ್ಬರನ್ನು ಅಲ್ಪಬುದ್ಧಿಯ ದೊಡ್ಡ ಶ್ರೀಮಂತ ಎಂದು ಜರೆದು ಬರೆದ ಕಾಗದ ಬ್ರಿಟಿಷರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನಿಮ್ಮ ಅಜ್ಜ ಅಂಥ ತಪ್ಪು ಮಾಡಲಿಲ್ಲ. ಅವರು ಏನನ್ನು ಬರೆಯಲಿಲ್ಲ ಎಂಬುದನ್ನು ಆ ದಿನಾಂಕದ ಸುತ್ತಮುತ್ತಲ ಘಟನೆಗಳೊಡನೆ ಇಟ್ಟು ನೋಡಿ. ಯಾರ ಕ್ಷೇಮವನ್ನು ಹೆಸರಿಟ್ಟು ಕೇಳಿದ್ದಾರೆ, ಯಾರ ಹೆಸರು ಇಲ್ಲವೇ ಇಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ.

ವಾಷಿಂಗ್ಟನ್ 1781ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ರಿಚರ್ಡ್ ವಾರಿಕ್ ಎಂಬವರನ್ನು ನೇಮಿಸಿ ತಮ್ಮ ಕಾಗದಗಳನ್ನೆಲ್ಲ ಪ್ರತಿಮಾಡಿಸತೊಡಗಿದರು. ಅವು 44 ಸಂಪುಟಗಳಾದವು. ನಿಮ್ಮಲ್ಲಿರುವುದು ನಾಲ್ಕೇ ಆದುದರಿಂದ ಒಂದು ಸಂಜೆ ಸಾಕು. ಇದ್ದ ಕಾಗುಣಿತದಲ್ಲಿಯೇ, ಒಂದಕ್ಷರವನ್ನೂ ತಿದ್ದದೆ, ಬೇರೆ ಪುಸ್ತಕದಲ್ಲಿ ಬರೆದಿಡಿ. ಬೆಳಕಿನಲ್ಲಿ ಎರಡೂ ಬದಿಗಳ ಚಿತ್ರ ತೆಗೆಯಿರಿ. ಲಕೋಟೆಗಳನ್ನು ಎಸೆಯಬೇಡಿ, ಅಂಚೆಮುದ್ರೆಯ ದಿನಾಂಕ ಅವುಗಳ ಮೇಲಿದೆ. ಹರಿದ ಮಡಿಕೆಗೆ ಅಂಟುಪಟ್ಟಿ ಹಚ್ಚುವುದಾಗಲಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸುವುದಾಗಲಿ ಬೇಡವೇ ಬೇಡ. ಮಳೆಗಾಲದ ಮೊದಲು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಕಪಾಟಿನಲ್ಲಿಡಿ, ಮಳೆ ಬಿಟ್ಟ ಮೇಲೆ ನೆರಳಿನಲ್ಲಿ ಬಿಚ್ಚಿ ಗಾಳಿಯಾಡಿಸಿ. ಅಜ್ಜಿ ಬರೆದ ಉತ್ತರಗಳೇನಾದರೂ ಮರಳಿ ಬಂದಿವೆಯೇ ಎಂದು ಆ ಪೆಟ್ಟಿಗೆಯ ತಳದಲ್ಲಿ ಇನ್ನೊಮ್ಮೆ ಹುಡುಕಿ.